ಉದ್ರಿ ತಿಳಿದ ಮಕ್ಕಳಿಗೆ ಋಣಸಂಖ್ಯೆ ತಿಳಿಯದೇಕೆ?

ಅಕ್ಕಲಕೋಟ, ಜತ್ತ ಭಾಗದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಗೆ ಹೋಗುವ ಮಕ್ಕಳಿಗೆ ಉದ್ರಿ ಲೆಕ್ಕ ಯಾರೂ ಕಲಿಸಬೇಕಿಲ್ಲ. 70 ರೂಪಾಯಿ ಬಾಕಿಯಲ್ಲಿ 30 ಕೊಟ್ಟರೆ ಇನ್ನೂ 40 ಕೊಡೂದು ಉಳೀತು ಎಂದು ಥಟ್ಟನೆ ಹೇಳುತ್ತಾರೆ. ಅದೇ ಲೆಕ್ಕವನ್ನು ಕರಿಹಲಗೆಯ ಮೇಲೆ −70 + 30 ಎಂದು ಬರೆದರೆ ಸಾಕು, ಒಬ್ಬ −100 ಅಂತಾನ, ಇನ್ನೊಬ್ಬ 40 ಅಂತಾನ. ಇದು ಮಕ್ಕಳ ದಡ್ಡತನವಲ್ಲ, ಕಲಿಸುವ ರೀತಿಯ ಕೊರತೆ.

ತೊಡಕು ಇರುವುದು ಆ ಸಣ್ಣ ಗೆರೆಯಲ್ಲಿ. 8 − 5ರಲ್ಲಿ ಅದು ‘ಕಳೆ’ ಎನ್ನುತ್ತದೆ. −5ರಲ್ಲಿ ಅದು ಸಂಖ್ಯೆಯ ಗುಣ ಹೇಳುತ್ತದೆ. ಎರಡಕ್ಕೂ ‘ಮೈನಸ್’ ಎಂಬ ಒಂದೇ ಹೆಸರು. ಮೇಲಾಗಿ ‘ಮೈನಸ್ ಮೈನಸ್ ಪ್ಲಸ್’ ಎಂಬ ಬಾಯಿಪಾಠ. ಅದನ್ನು ನಂಬಿದ ಹುಡುಗಿ −5 − 3ಕ್ಕೆ 8 ಎಂದು ಬರೆದು, ‘ಎರಡು ಮೈನಸ್ ಅದಾವಲ್ರೀ ಸರ್’ ಎಂದು ಕೇಳಿದರೆ ತಪ್ಪು ಯಾರದು?

ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಈ ಸಂಖ್ಯೆಗಳನ್ನು ಧನ, ಋಣ ಎಂದು ಕರೆದು ಕೂಡಿಸುವ, ಕಳೆಯುವ ನಿಯಮ ಹೇಳಿದ. ಋಣ ಎಂದರೆ ಸಾಲ. ಕನ್ನಡದಲ್ಲೂ ಮರಾಠಿಯಲ್ಲೂ ಇಂದಿಗೂ ಅದೇ ಶಬ್ದ. ಆದರೆ 1758ರಷ್ಟು ತಡವಾಗಿಯೂ ಇಂಗ್ಲೆಂಡಿನ ಫ್ರಾನ್ಸಿಸ್ ಮ್ಯಾಸೆರೆಸ್ ಋಣಸಂಖ್ಯೆಗಳ ಬಳಕೆಯನ್ನು ವಿರೋಧಿಸಿ ಪುಸ್ತಕವನ್ನೇ ಬರೆದ. ಪಂಡಿತರೇ ತಡವರಿಸಿದ ಕಡೆ ಹನ್ನೆರಡು ವರ್ಷದ ಮಕ್ಕಳು ಎಡವಿದರೆ ಗದರಿಸುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಕಠಿಣ ಋಣವನ್ನು ಕಳೆಯುವುದು. ಇಲ್ಲಿ ಉದ್ರಿ ವಹಿಯೇ ಗುರು. 50 ರೂಪಾಯಿ ಬಾಕಿಯಲ್ಲಿ ಅಂಗಡಿಯವ 20 ಬಿಟ್ಟುಕೊಟ್ಟರೆ, ಸಾಲದಿಂದ ಸಾಲ ತೆಗೆದಂತಾಯಿತು: −50 − (−20) = −30. ಸಾಲ ಕಡಿಮೆಯಾದರೆ ಅದು ಗಳಿಕೆಯೇ ಅಲ್ಲವೇ? ಹೀಗೆ ಹೇಳಿದರೆ ನಿಯಮ ತಾನಾಗಿಯೇ ಹೊಳೆಯುತ್ತದೆ. ಸಂಖ್ಯಾರೇಖೆಗೆ ಊರ ಬಾವಿ ಸಾಕು. ನೆಲ ಸೊನ್ನೆ, ಏಳು ಮೆಟ್ಟಿಲು ಕೆಳಗಿದ್ದವನು ಮೂರು ಏರಿದರೆ ಇನ್ನೂ ನಾಲ್ಕು ಕೆಳಗೇ ಇರುತ್ತಾನೆ.

ಗಡಿಭಾಗದ ಮಕ್ಕಳಿಗೆ ಇನ್ನೊಂದು ಭಾರವೂ ಇದೆ. ಪುಸ್ತಕದಲ್ಲಿ ಸಂಕಲನ, ವ್ಯವಕಲನ. ಪ್ಯಾಟ್ಯಾಗ ಬೇರೀಜ, ವಜಾಬಾಕಿ. ಮನೆಯಲ್ಲಿ ಕೂಡಿಸೂದು, ಕಳಿಯೂದು. ಮೂರೂ ಒಂದೇ ಎಂದು ಮೊದಲ ದಿನವೇ ಶಿಕ್ಷಕರು ಬಿಡಿಸಿ ಹೇಳಬೇಕು. ಚಿಹ್ನೆಗೆ ‘ಋಣ’, ಕ್ರಿಯೆಗೆ ‘ಕಳೆ’ ಎಂದು ಬೇರೆ ಬೇರೆಯಾಗಿ ಓದಿಸಬೇಕು. ಇದಕ್ಕೆ ಅನುದಾನ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ.

ಇಲ್ಲಿ ಎಡವಿದ ಮಗು ಮುಂದೆ ಬೀಜಗಣಿತದಲ್ಲಿ x + 9 = 4 ಕಂಡರೆ ಪೆನ್ಸಿಲ್ ಕೆಳಗಿಡುತ್ತದೆ. ‘ಗಣಿತ ನನ್ನ ಕೈಲಿ ಆಗೂದಿಲ್ಲ’ ಎಂಬ ಮಾತು ಹುಟ್ಟುವುದು ಇಂಥಲ್ಲೇ. ಕನ್ನಡ ಶಾಲೆಗಳ ಶಿಕ್ಷಕರು, ಶಾಲಾ ವ್ಯವಸ್ಥಾಪನ ಸಮಿತಿಯವರು ಈ ವರ್ಷ ಇದೊಂದು ಪಾಠಕ್ಕೆ ಎಂಟು ದಿನ ಹೆಚ್ಚು ಕೊಡಲಿ. ಪಾಲಕರೂ ಸಂಜೆ ಉದ್ರಿ ವಹಿಯನ್ನು ಮಕ್ಕಳ ಕೈಗೆ ಕೊಟ್ಟು ಬಾಕಿ ಎಷ್ಟೆಂದು ಕೇಳಲಿ.