ಬೀಗ ಬಿದ್ದ ಬಾಗಿಲು

ಹೋದ ಚಳಿಗಾಲದಲ್ಲಿ ಅಹಮದಾಬಾದಿನ ಮಣಿನಗರದ ಕಡೆಯಿಂದ ನಮ್ಮವರೇ ಒಬ್ಬ ವಯಸ್ಸಾದ ತಾಯಿ ನಮ್ಮನ್ನು ಹುಡುಕಿಕೊಂಡು ಬಂದರು. ಧಾರವಾಡದ ಕಡೆಯವರು. ಯಜಮಾನರು ತೀರಿಕೊಂಡ ಮೇಲೂ ಅದೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಗುಡಿಗೆ ಹೋಗಿ ಬರುವಷ್ಟರಲ್ಲಿ ಮನೆಯೊಡೆಯ ಬೇರೆ ಬೀಗ ಜಡಿದಿದ್ದನಂತೆ. ಪಾತ್ರೆ ಪಡಗ, ದೇವರ ಪೆಟ್ಟಿಗೆ, ಯಜಮಾನರ ಪಟ ಎಲ್ಲವೂ ಒಳಗೆ. ಬಾಡಿಗೆ ಬಾಕಿ ಇರಲಿಲ್ಲ. ಕೈಯಲ್ಲಿ ಒಂದು ರಸೀತಿಯೂ ಇರಲಿಲ್ಲ.

ನಾವು ಮಾಡಿದ್ದೇನು? ಬುದ್ಧಿ ಹೇಳಿದೆವು! “ಪರವೂರು, ತಾಯೀ, ಕೋರ್ಟು ಕಚೇರಿ ನಮಗೇಕೆ? ಸೂರತ್ತಿನಲ್ಲಿ ಮಗಳಿದ್ದಾಳಲ್ಲ, ಅಲ್ಲಿಗೆ ಹೋಗಿಬಿಡಿ” ಎಂದೆವು. ನಾಲ್ಕು ಜನ ಹೋಗಿ ಸಾಮಾನು ಬಿಡಿಸಿ, ರೈಲು ಹತ್ತಿಸಿ, ದೊಡ್ಡ ಉಪಕಾರ ಮಾಡಿದವರಂತೆ ಮನೆಗೆ ಬಂದು ಚಹಾ ಕುಡಿದೆವು.

ಏಳು ತಿಂಗಳು ಕಳೆದ ಮೇಲೆ ವಕೀಲ ಮಿತ್ರರೊಬ್ಬರ ಮುಂದೆ ಈ ಸಂಗತಿ ಬಂತು. ಅವರು ಮೊದಲು ಕೇಳಿದ್ದು ತಾರೀಖು. ಹೇಳಿದೆವು. “ಒಂದು ತಿಂಗಳು ತಡವಾಯಿತಲ್ಲ!” ಎಂದು ತಲೆಗೆ ಕೈ ಹಚ್ಚಿಕೊಂಡರು. 1963ರ ನಿರ್ದಿಷ್ಟ ಪರಿಹಾರ ಕಾಯದೆಯಲ್ಲಿ 6ನೆಯ ಕಲಮು ಎಂಬುದೊಂದುಂಟು. ಕಾನೂನಿನ ದಾರಿ ಬಿಟ್ಟು, ಒಪ್ಪಿಗೆಯಿಲ್ಲದೆ ಯಾರನ್ನಾದರೂ ಮನೆಯಿಂದ ಹೊರಹಾಕಿದರೆ, ಅವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅಲ್ಲಿ ವಾಸವಿದ್ದುದು ನಿಜವೇ, ಬಲವಂತದಿಂದ ಹೊರಗೆ ಹಾಕಿದ್ದು ನಿಜವೇ, ಅಷ್ಟೇ ನೋಡುತ್ತಾರೆ. ರಸೀತಿ ಇಲ್ಲದಿದ್ದರೂ ಗ್ಯಾಸಿನ ಪುಸ್ತಕ, ಅಂಚೆಯ ಕಾಗದ, ನೆರೆಯವರ ಸಾಕ್ಷಿ ನೆರವಿಗೆ ಬರುತ್ತಿದ್ದವು.

“ವಕೀಲರಿಗೆ ಕೊಡಲು ಹಣ?” ಎಂದೆವು. ಅದೂ ನಮ್ಮ ಅಜ್ಞಾನವೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆ 1995ರಿಂದ ಜಾರಿಯಲ್ಲಿದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕೂಲಿಗಳಿಗೆ ಕೂಡ. ಅಹಮದಾಬಾದು, ವಡೋದರೆ, ಸೂರತ್ತು, ಎಲ್ಲ ಜಿಲ್ಲೆಗಳಿಗೂ ಇದರ ಪ್ರಾಧಿಕಾರವಿದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. ದೂರವಾಣಿಯ ಸಂಖ್ಯೆ 15100. ಇದರಲ್ಲಿ ನಮ್ಮನ್ನು ಹೆಚ್ಚು ನಾಚಿಸಿದ ಸಂಗತಿ ಬೇರೆ: ಬಡವರಿಗೆ ಕಾನೂನಿನ ನೆರವು ಹೇಗೆ ದೊರೆಯಬೇಕೆಂದು 1970ರಲ್ಲಿ ಸಮಿತಿ ಕೂಡಿಸಿದ್ದು ಇದೇ ಗುಜರಾತ ಸರಕಾರ, ಅಧ್ಯಕ್ಷರು ಆಗ ಇಲ್ಲಿಯ ಮುಖ್ಯ ನ್ಯಾಯಾಧೀಶರಾಗಿದ್ದ ಪಿ. ಎನ್. ಭಗವತಿಯವರು. ನಾವೋ ಇಷ್ಟು ವರ್ಷ ಇಲ್ಲಿಯ ನೀರು ಕುಡಿದೂ ಅರಿಯದೆ ಹೋದೆವು.

ತಪ್ಪೊಪ್ಪಿಕೊಂಡು ಆ ತಾಯಿಗೆ ಕಾಗದ ಬರೆದೆವು. ಉತ್ತರ ಬಂತು. ಮನೆಯ ಮಾತೇ ಇಲ್ಲ. ಮಗಳ ಓಣಿಯಲ್ಲಿ ರಾಯಚೂರು ಕಡೆಯ ಗಾರೆ ಕೆಲಸದ ಸಂಸಾರವೊಂದಿದೆ, ಊರಿನ ರೇಷನ್ ಕಾರ್ಡು ಇಲ್ಲಿ ನಡೆಯದೆಂದು ಅಂಗಡಿಯವನು ತಿರುಗಿ ಕಳಿಸಿದ್ದಾನೆ, ಇದು ಸರಿಯೇ? ಎಂದು ಕೇಳಿದ್ದರು.

ಸರಿಯಲ್ಲ. ಕರ್ನಾಟಕ, ಗುಜರಾತ ಎರಡೂ 2020ರಿಂದಲೇ ‘ಒಂದು ದೇಶ ಒಂದು ರೇಷನ್ ಕಾರ್ಡು’ ಏರ್ಪಾಡಿನಲ್ಲಿವೆ. ಆಧಾರ್ ಜೋಡಣೆಯಾಗಿದ್ದರೆ ಮನೆಯ ಒಬ್ಬರು ಹೆಬ್ಬೆಟ್ಟು ಒತ್ತಿ, 2013ರ ಆಹಾರ ಭದ್ರತಾ ಕಾಯದೆಯಂತೆ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯವನ್ನು ಸೂರತ್ತಿನಲ್ಲೇ ಪಡೆಯಬಹುದು. ಕರ್ನಾಟಕ ಸರಕಾರ ತನ್ನ ಲೆಕ್ಕದಲ್ಲಿ ಕೊಡುವ ಹೆಚ್ಚಿನ ಪಾಲು ಮಾತ್ರ ಇಲ್ಲಿ ಸಿಗದು. ಅಂಗಡಿಯವನು ಮತ್ತೆ ಒಲ್ಲೆನೆಂದರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು.

ಇಷ್ಟನ್ನು ಬರೆದು, ದೂರಿನ ಅರ್ಜಿಯನ್ನು ಗುಜರಾತಿಯಲ್ಲಿ ಬರೆಸಿ ಅದೇ ದಿನ ಅಂಚೆಗೆ ಹಾಕಿದೆವು. ಅರ್ಜಿ ಬೇಕಾಗಲಿಲ್ಲವಂತೆ. ಆ ತಾಯಿ ತಾವೇ ಸಂಸಾರವನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಧಾನ್ಯ ತೂಗುವವರೆಗೆ ಕಟ್ಟೆಯ ಮೇಲೆ ಕುಳಿತಿದ್ದರೆಂದು ಮಗಳು ಬರೆದಿದ್ದಾಳೆ.