ಎರಡು ಕಂಟ್ರೋಲರ್, ಒಂದೇ ಥರ್ಮಾಮೀಟರ್

ವಿಜಯವಾಡದ ಏಜೆನ್ಸಿಯೊಂದರ ಬ್ರೋಷರನ್ನು ಕನ್ನಡಕ್ಕೆ ತರುವಾಗ 'ರಿಡಂಡೆಂಟ್ ಕಂಟ್ರೋಲರ್' ಎಂಬಲ್ಲಿ ಕೈ ನಿಂತಿತು. ನಿಘಂಟಿನಲ್ಲಿ ಅದು 'ಅನಗತ್ಯ'. ಕಾರ್ಖಾನೆಯಲ್ಲಿ ಅರ್ಥ ತಿರುವುಮುರುವು: ಒಂದು ಕಂಟ್ರೋಲರ್ ಕೆಲಸ ಮಾಡುತ್ತಿರುತ್ತದೆ, ಇನ್ನೊಂದು ಅದರ ಲೆಕ್ಕವನ್ನೆಲ್ಲ ನಕಲು ಮಾಡಿಕೊಳ್ಳುತ್ತ ಕಾದಿರುತ್ತದೆ, ಮೊದಲನೆಯದು ಕೈಕೊಟ್ಟರೆ ಮಿಲಿಸೆಕೆಂಡುಗಳಲ್ಲಿ ಕೆಲಸ ವಹಿಸಿಕೊಳ್ಳುತ್ತದೆ. 'ಜೋಡಿ ಕಂಟ್ರೋಲರ್' ಎಂದು ಬರೆದೆ. ನನ್ನ ತಕರಾರು ಮುಂದಿನ ಸಾಲಿನದು: ಶೇ. 99.999 ಲಭ್ಯತೆ, ಆದ್ದರಿಂದ ಸಂಪೂರ್ಣ ಸುರಕ್ಷತೆ.

ಆ 'ಆದ್ದರಿಂದ' ಸುಳ್ಳು. ಐದು ಒಂಬತ್ತುಗಳೆಂದರೆ ಯಂತ್ರ ವರ್ಷಕ್ಕೆ ಸುಮಾರು ಐದೇಕಾಲು ನಿಮಿಷ ನಿಲ್ಲಬಹುದು ಎಂದಷ್ಟೇ. ನಿಲ್ಲದೆ ಓಡುವುದೆಲ್ಲ ಸರಿಯಾಗಿ ಓಡುತ್ತಿದೆ ಎಂದಲ್ಲ.

ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂ ನೆನಪಿಸಿಕೊಳ್ಳಿ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್‌ನ ಎಂ6 ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಿದ್ದು 12 ಜನ ಸತ್ತರು. ರಾಜ್ಯ ಸರ್ಕಾರದ ಉನ್ನತಾಧಿಕಾರ ಸಮಿತಿ ಕಂಡದ್ದೇನು? ಉಷ್ಣತೆ ಅಳೆಯುತ್ತಿದ್ದುದು ಟ್ಯಾಂಕಿನ ತಳದಲ್ಲಿ ಮಾತ್ರ. ಕುದಿಯುತ್ತಿದ್ದುದು ಮೇಲೆ. ತಂಪು ಮಾಡುವ ಯಂತ್ರವನ್ನು ಸಂಜೆ ನಿಲ್ಲಿಸಿ ಬೆಳಗ್ಗೆ ಹಾಕುವ ರೂಢಿ. ಸೈರನ್ ಒತ್ತಲು 36 ಜಾಗಗಳಿದ್ದವು, ಒಂದನ್ನೂ ಯಾರೂ ಒತ್ತಲಿಲ್ಲ. ಮೂವತ್ತಾರು! ಇನ್ನೆಷ್ಟು ಹೆಚ್ಚುವರಿ ಬೇಕಿತ್ತು?

ಅಲ್ಲಿ ನಾಲ್ಕು ಕಂಟ್ರೋಲರ್ ಕೂರಿಸಿದ್ದರೂ ನಾಲ್ಕೂ ಅದೇ ತಳದ ಥರ್ಮಾಮೀಟರ್ ನೋಡಿ 'ಎಲ್ಲ ಸರಿ' ಎನ್ನುತ್ತಿದ್ದವು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನಲ್ಲಿ ಆದದ್ದೂ ಇದೇ ಜಾತಿಯದು. ದಿಕ್ಕು ಹೇಳುವ ಉಪಕರಣ ಎರಡಿದ್ದವು, ಎರಡರಲ್ಲೂ ಒಂದೇ ಸಾಫ್ಟ್‌ವೇರ್. ಕಾದು ಕೂತಿದ್ದದ್ದೇ ಮೊದಲು ಸತ್ತಿತು.

ಭಾಷೆ ಓದಿದವಳಿಗೆ ಇದು ಹೊಸದಲ್ಲ. 'ಅವಳು ಬಂದಳು' ಎಂಬಲ್ಲಿ ಹೆಣ್ಣೆಂಬ ಸುದ್ದಿ ಎರಡು ಕಡೆ ಇದೆ, ಗದ್ದಲದಲ್ಲಿ 'ಅವಳು' ಕೇಳಿಸದಿದ್ದರೂ 'ಬಂದಳು' ಉಳಿಯುತ್ತದೆ. ಆದರೆ ಹೇಳುವವನೇ ಬಾಗಿಲಲ್ಲಿ ನಿಂತವರನ್ನು ತಪ್ಪಾಗಿ ಗುರುತಿಸಿದ್ದರೆ ಎರಡೂ ಕಡೆ ತಪ್ಪೇ.

ಜೋಡಿ ಬೇಡವೆನ್ನುತ್ತಿಲ್ಲ. ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿಗೆ ತಂಪುನೀರು ನಿಲ್ಲುವಂತಿಲ್ಲ, ಅಲ್ಲಿ ಕಾದು ಕೂತ ಎರಡನೆಯದು ಜೀವ ಉಳಿಸುತ್ತದೆ. ಆದರೆ ದುಡ್ಡೆಲ್ಲ ಕಂಟ್ರೋಲ್ ರೂಮಿನ ಹೊಳೆಯುವ ಪೆಟ್ಟಿಗೆಗೆ ಸುರಿದು, ಟ್ಯಾಂಕಿನ ನೆತ್ತಿಗೊಂದು ಥರ್ಮಾಮೀಟರ್, ರಾತ್ರಿ ಪಾಳಿಯವನಿಗೆ ಸೈರನ್ನಿನ ತಾಲೀಮು, ಇವಕ್ಕೆ ಕೈ ಬಿಗಿಹಿಡಿಯುವುದನ್ನು ಸುರಕ್ಷತೆ ಎಂದು ಮಾರಬೇಡಿ.

ಏಜೆನ್ಸಿಗೆ ಒಂದು ಪ್ರಶ್ನೆ ಕಳಿಸಿದೆ: ಈ ಎರಡು ಕಂಟ್ರೋಲರ್‌ಗಳಿಗೆ ವೈರು ಬರುವುದು ಎಷ್ಟು ಸೆನ್ಸರ್‌ಗಳಿಂದ?

'ಅದು ಗ್ರಾಹಕರಿಗೆ ಬಿಟ್ಟದ್ದು ಮೇಡಂ, ನೀವು ಅನುವಾದ ಕಳಿಸಿ' ಎಂದು ಉತ್ತರ ಬಂತು.