ಬಣ್ಣಕ್ಕೂ ತೂಕ ಇದೆ ಮಾರಾಯ್ರೇ

ಹೋದ ವರ್ಷ ಏರೋ ಡಿಸೈನ್ ಸ್ಪರ್ಧೆಗೆ ಹೊರಡೋ ಹಿಂದಿನ ರಾತ್ರಿ, ಹಾಸ್ಟೆಲ್ ಟೆರೇಸ್ ಮೇಲೆ ನಮ್ಮ ಟೀಮಿನ ಆರ್‌ಸಿ ವಿಮಾನಕ್ಕೆ ಬಣ್ಣ ಹೊಡೆದವನು ನಾನೇ. ಬಾಲಕ್ಕೆ ಹಳದಿ-ಕೆಂಪು. ಬಾಲ್ಸಾ ಮರದ ಗೀರುಗಳು ಕಾಣಬಾರದು ಅಂತ ಮೊದಲು ಒಂದಿಷ್ಟು ಪುಟ್ಟಿ, ಮೇಲೆ ಎರಡು ಕೋಟ್ ಸ್ಪ್ರೇ, ಹೊಳಪಿಗೆ ಅಂತ ಮತ್ತೊಂದು ಕೋಟ್. ಬೆಳಿಗ್ಗೆ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಮಧ್ಯಾಹ್ನ ವಿಮಾನ ನೆಲ ಬಿಟ್ಟಿತು, ಮೂಗು ಎತ್ತಿತು, ಇನ್ನೂ ಎತ್ತಿತು, ಸ್ಟಾಲ್ ಆಗಿ ಕೆಳಗೆ ಬಿತ್ತು. ಒಟ್ಟು ಹಾರಾಟ ಆರು ಸೆಕೆಂಡ್. ಎರಡನೇ ವರ್ಷದ ಇಬ್ಬರು ಜೂನಿಯರ್‌ಗಳು ಎರಡು ಸೆಮಿಸ್ಟರ್ ಕೂತು ಕಟ್ಟಿದ ರೆಕ್ಕೆ ಚೂರುಚೂರಾಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ವಾಪಸ್ ಬಂದು ಬಾಲವನ್ನು ತೂಗಿದೆ. ನಮ್ಮ ವೆಯ್ಟ್ ಶೀಟಿನಲ್ಲಿ ಬರೆದಿದ್ದಕ್ಕಿಂತ 90 ಗ್ರಾಂ ಹೆಚ್ಚು! ಅಷ್ಟೇನಾ ಅನ್ನಬೇಡಿ. ಬಾಲ ಇದ್ದದ್ದು ಸಿ.ಜಿ.ಯಿಂದ 80 ಸೆಂ.ಮೀ. ಹಿಂದೆ. ಅದನ್ನು ಸರಿದೂಗಿಸಲು 24 ಸೆಂ.ಮೀ. ಮುಂದಿದ್ದ ಮೂಗಿನಲ್ಲಿ 300 ಗ್ರಾಂ ಸೀಸ ಇಡಬೇಕಿತ್ತು. ಮೂರು ಕೆ.ಜಿ.ಯ ವಿಮಾನದ ಸಿ.ಜಿ. ಎರಡು ಸೆಂ.ಮೀ.ಗಿಂತ ಹೆಚ್ಚು ಹಿಂದಕ್ಕೆ ಸರಿದಿತ್ತು. ಮೊದಲನೇ ವರ್ಷದ ಮೆಕ್ಯಾನಿಕ್ಸ್ ಪೇಪರಿನಲ್ಲಿ ಐದು ಮಾರ್ಕಿಗೆ ಬರೋ ಲೆಕ್ಕ. ಬಣ್ಣಕ್ಕೂ ಆ ಲೆಕ್ಕ ಅನ್ವಯಿಸುತ್ತೆ ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಯಾಕಂದ್ರೆ ನಮ್ಮ ತಲೆಯಲ್ಲಿ ಬಣ್ಣ ಅನ್ನೋದು ಎಂಜಿನಿಯರಿಂಗ್ ಮುಗಿದ ಮೇಲೆ ಮಾಡೋ ಮೇಕಪ್ಪು.

ಆ ಬೇಜಾರಿನಲ್ಲಿ, ನಿಜವಾದ ವಿಮಾನವನ್ನೇ ಮನೆಯ ಗ್ಯಾರೇಜಿನಲ್ಲಿ ಕಟ್ಟುವವರು ಇದನ್ನೆಲ್ಲ ಹೇಗೆ ನಿಭಾಯಿಸ್ತಾರೆ ಅಂತ ಓದೋಕೆ ಶುರು ಮಾಡಿದೆ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲಿನ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಹುಟ್ಟಿದ್ದೇ 1953ರಲ್ಲಿ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಯೋಕೋ ಖುಷಿಗೋ ಮಾಡಿದ್ದರೆ ಅದನ್ನು 'ಮನೆಯಲ್ಲಿ ಕಟ್ಟಿದ ವಿಮಾನ' ಅಂತ ಸರ್ಕಾರ ಒಪ್ಪಿಕೊಳ್ಳುತ್ತೆ. ಆರೆಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಮಾರುವ ಆರ್‌ವಿ ಸರಣಿಯ ಕಿಟ್‌ಗಳು ಇವರಲ್ಲಿ ತುಂಬಾ ಜನಪ್ರಿಯ. ಅಲ್ಯೂಮಿನಿಯಂ ಹಾಳೆಗಳಿಗೆ ಸಾವಿರಾರು ರಿವೆಟ್ ಹೊಡೆದು, ವರ್ಷಗಟ್ಟಲೆ ಕೂತು ಕಟ್ಟುತ್ತಾರೆ. ಕೊನೆಗೆ ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಪೇಂಟ್ ಮಾಡೋದಾ, ಇಲ್ಲಾ ಲೋಹವನ್ನೇ ಕನ್ನಡಿ ಹಾಗೆ ಪಾಲಿಶ್ ಮಾಡೋದಾ?

ನೋಡೋಕೆ ಇದು ರುಚಿಯ ಪ್ರಶ್ನೆ. ಒಳಗೆ ಹೊಕ್ಕರೆ ಮೆಟೀರಿಯಲ್ ಸೈನ್ಸ್.

ಈ ವಿಮಾನಗಳ ಹೊದಿಕೆ ಸಾಮಾನ್ಯವಾಗಿ 2024-ಟಿ3 ಅನ್ನೋ ಮಿಶ್ರಲೋಹ. ಅದಕ್ಕೆ ಶಕ್ತಿ ಕೊಡೋದು ಒಳಗಿರುವ ತಾಮ್ರ. ಬೇಗ ತುಕ್ಕಿಗೆ ಈಡು ಮಾಡೋದೂ ಅದೇ ತಾಮ್ರ. ಹಾಗಾಗಿ ಹಾಳೆಯ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸಿರುತ್ತಾರೆ. ಅದಕ್ಕೆ ಆಲ್‌ಕ್ಲಾಡ್ ಅಂತ ಹೆಸರು. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆ. ಈ ಪದರ ಒಂದೊಂದು ಬದಿಗೆ ಹಾಳೆಯ ದಪ್ಪದ ಸುಮಾರು ಶೇ. 5. ಅಂದ್ರೆ 0.8 ಮಿ.ಮೀ. ಹಾಳೆಯಲ್ಲಿ 0.04 ಮಿ.ಮೀ. ನಾವು ಲ್ಯಾಬ್ ರೆಕಾರ್ಡ್ ಬರೆಯೋ ಹಾಳೆಯ ಅರ್ಧ ದಪ್ಪವೂ ಇಲ್ಲ!

ಕನ್ನಡಿ ಹೊಳಪು ಬರೋದು ಈ ಪದರವನ್ನು ಉಜ್ಜಿದಾಗ. ಮೆಷಿನ್ನಿನಿಂದ, ಮೊದಲು ಒರಟು ಪೇಸ್ಟು, ಆಮೇಲೆ ನಯವಾದದ್ದು, ನೂರಾರು ಗಂಟೆ. ಹೊಳಪು ಸುಮ್ಮನೆ ಬರಲ್ಲ. ಪ್ರತಿ ಸಲವೂ ಒಂದಿಷ್ಟು ಪದರವನ್ನು ತಿಂದೇ ಬರೋದು. ತಿಂಗಳುಗಳಲ್ಲಿ ಮತ್ತೆ ಮಂಕಾಗುತ್ತೆ, ಮತ್ತೆ ಉಜ್ಜಬೇಕು. ಕಲಾಯಿ ಹೋದ ಪಾತ್ರೆಯನ್ನು ಕಲಾಯಿಗಾರನಿಗೆ ಕೊಡಬಹುದು. ಆಲ್‌ಕ್ಲಾಡ್ ಹೋದ ರೆಕ್ಕೆಗೆ ಅದನ್ನು ಮತ್ತೆ ಹಾಕಿಸೋಕೆ ಆಗಲ್ಲ. ಸಮುದ್ರದ ಹತ್ತಿರ ಇರುವವರಂತೂ ಪಾಲಿಶ್ ವಿಮಾನ ಇಟ್ಟುಕೊಳ್ಳೋಕೆ ಎರಡು ಸಲ ಯೋಚನೆ ಮಾಡಬೇಕು, ಉಪ್ಪುಗಾಳಿ ಬಿಡಲ್ಲ.

ಹಾಗಂತ ಪೇಂಟು ಸುಲಭದ ದಾರಿಯೇನಲ್ಲ. ಇಬ್ಬರು ಕೂರುವ ಒಂದು ಆರ್‌ವಿ ವಿಮಾನಕ್ಕೆ ಪೂರ್ತಿ ಬಣ್ಣ ಅಂದ್ರೆ 10 ಕೆ.ಜಿ. ಆಸುಪಾಸು. ವಿಮಾನದ ಖಾಲಿ ತೂಕವೇ 500 ಕೆ.ಜಿ. ಇರುವಾಗ ಅದು ಶೇ. 2. ಬಣ್ಣಕ್ಕೆ ಮೊದಲು ಲೋಹವನ್ನು ಉಜ್ಜಿ, ಆಸಿಡ್ಡಿನಲ್ಲಿ ತೊಳೆದು, ರಾಸಾಯನಿಕ ಲೇಪ ಕೊಟ್ಟು, ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಇದರಲ್ಲಿ ಕಳ್ಳಾಟ ಆಡಿದರೆ ಬಣ್ಣದ ಅಡಿಯಲ್ಲೇ ದಾರದ ಎಳೆಗಳ ಹಾಗೆ ತುಕ್ಕು ಹರಿದಾಡುತ್ತೆ. ಬಣ್ಣ ಉಬ್ಬಿ ಏಳೋವರೆಗೂ ಗೊತ್ತಾಗಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಅನ್ನೋ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ. ಇನ್ನು ಪಾಲಿಯುರೆಥೇನ್ ಬಣ್ಣದಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಎಷ್ಟು ಕೆಟ್ಟದ್ದು ಅಂದ್ರೆ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಹಾಕಿಕೊಂಡೇ ಹೊಡೆಯಬೇಕು. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಸ್ಪ್ರೇ ಮಾಡೋ ನಾವು ಇದನ್ನು ಎರಡು ಸಲ ಓದಬೇಕು.

ಎಲ್ಲಕ್ಕಿಂತ ಅಪಾಯದ ಜಾಗ ಏಲರಾನು, ಎಲಿವೇಟರು, ರಡ್ಡರು. ಕೀಲು ಇರೋದು ಮುಂದೆ, ಬಣ್ಣದ ಹೆಚ್ಚಿನ ಪಾಲು ಕೂರೋದು ಹಿಂದೆ. ಹಿಂಭಾಗ ಭಾರವಾದರೆ ಒಂದು ವೇಗದಲ್ಲಿ ಫ್ಲಟರ್ ಶುರುವಾಗಬಹುದು, ಅಂದ್ರೆ ರೆಕ್ಕೆ ತನಗೆ ತಾನೇ ಪಟಪಟ ಅಂತ ಅದುರೋದು. ಕೆಲವೇ ಸೆಕೆಂಡುಗಳಲ್ಲಿ ಅದು ಭಾಗವನ್ನೇ ಕಿತ್ತು ಹಾಕಬಲ್ಲದು. ಅದಕ್ಕೇ ಆರ್‌ವಿಯ ಎಲಿವೇಟರಿನ ಮುಂದೆ ಸೀಸದ ತುಂಡು ಇರುತ್ತೆ. ತಿಳಿದವರು ಬಣ್ಣ ಹೊಡೆದ ಮೇಲೆ ಆ ಬ್ಯಾಲೆನ್ಸನ್ನು ಮತ್ತೆ ಪರೀಕ್ಷಿಸದೆ ಹಾರೋದಿಲ್ಲ.

ಹಾಗಾದರೆ ಯಾವುದು ಸರಿ? ಅನೇಕರು ಎರಡನ್ನೂ ಬೆರೆಸುತ್ತಾರೆ. ಎಂಜಿನ್ನಿನ ಮುಚ್ಚಳ, ರೆಕ್ಕೆಯ ತುದಿ, ಚಕ್ರದ ಕವಚ ಎಲ್ಲ ಫೈಬರ್‌ಗ್ಲಾಸ್ ಆದ್ದರಿಂದ ಅವಕ್ಕೆ ಬಣ್ಣ ಬೇಕೇ ಬೇಕು. ಪೈಲಟ್ಟಿನ ಕಣ್ಣೆದುರಿನ ಭಾಗ ಹೊಳೆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಅಲ್ಲಿ ಹೊಳಪಿಲ್ಲದ ಗಾಢ ಬಣ್ಣ. ಉಳಿದ ಲೋಹಕ್ಕೆ ಪಾಲಿಶ್. ಎರಡನೇ ಮಹಾಯುದ್ಧದ ಪಿ-51 ಮಸ್ಟಾಂಗ್ ನೋಡಿದರೆ ಇಡೀ ವಿಮಾನ ಬರಿಯ ಲೋಹ ಅನ್ನಿಸುತ್ತೆ. ಆದರೆ ಕಾರ್ಖಾನೆಯಲ್ಲಿ ಅದರ ರೆಕ್ಕೆಗೆ, ಗಾಳಿ ನಯವಾಗಿ ಹರಿಯಲಿ ಅಂತ, ರಿವೆಟ್ಟುಗಳ ಮೇಲೆ ಪುಟ್ಟಿ ಹಚ್ಚಿ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಅಲ್ಲೂ ಪುಟ್ಟಿ, ನನ್ನ ಬಾಲದಲ್ಲೂ ಪುಟ್ಟಿ. ಅವರು ಕಾರಣ ಇಟ್ಟುಕೊಂಡು ಹಚ್ಚಿದರು, ನಾನು ಫೋಟೋಗೆ ಹಚ್ಚಿದೆ.

ಇದು ಹವ್ಯಾಸಿಗಳ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ಸ್ಪೇಸ್ ಷಟಲ್‌ನ ದೊಡ್ಡ ಇಂಧನ ಟ್ಯಾಂಕು ಮೊದಲ ಎರಡು ಯಾನಗಳಲ್ಲಿ ಬಿಳಿ ಇತ್ತು. 1982ರ ಮೂರನೇ ಯಾನದಿಂದ ಬಣ್ಣ ಬಿಟ್ಟರು, ಸುಮಾರು 270 ಕೆ.ಜಿ. ಉಳಿಯಿತು. ಆಮೇಲೆ ನಾವೆಲ್ಲ ಚಿತ್ರಗಳಲ್ಲಿ ನೋಡಿರೋ ಆ ಕಿತ್ತಳೆ ಬಣ್ಣ, ಹೊರಗಿನ ಫೋಮಿನ ಸ್ವಂತ ಬಣ್ಣ. ದಶಕಗಟ್ಟಲೆ ಪಾಲಿಶ್ ಲೋಹದಲ್ಲೇ ಹಾರಿದ ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಬೆಳ್ಳಿ ಪೇಂಟಿಗೆ ಬಂತು. ಕಾರ್ಬನ್ ಕಾಂಪೊಸಿಟ್ ಮೈಯ 787ಅನ್ನು ಎಷ್ಟು ಉಜ್ಜಿದರೂ ಹೊಳೆಯಲ್ಲವಲ್ಲ! ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಜೀ ಥರದ ಗ್ಲಾಸ್ ಫೈಬರ್ ವಿಮಾನಗಳಿಗೆ ಬಿಳಿ ಬಣ್ಣವೇ ಬೇಕು, ಗಾಢ ಬಣ್ಣ ಹೊಡೆದರೆ ಬಿಸಿಲಿಗೆ ಕಾದು ಎಪಾಕ್ಸಿ ಮೆತ್ತಗಾಗುವ ಭಯ.

ನಮ್ಮ ಕಾಲೇಜಿಗೆ ಬರೋಣ. ಪ್ರಾಜೆಕ್ಟ್ ಎಕ್ಸಿಬಿಷನ್ನಿನಲ್ಲಿ ಯಾವ ಗಾಡಿ ಹೊಳೆಯುತ್ತೋ ಅದರ ಮುಂದೆ ಜನ. ಅದಕ್ಕೇ ನಾವೂ ಕೊನೇ ರಾತ್ರಿ ಸ್ಪ್ರೇ ಕ್ಯಾನ್ ಹಿಡಿದು ಓಡಾಡ್ತೀವಿ. ಬಣ್ಣವೇ ಬೇಡ ಅಂತ ನಾನು ಹೇಳ್ತಿಲ್ಲ. ಎರಡು ಸೆಮಿಸ್ಟರ್ ಬೆವರು ಸುರಿಸಿದವರಿಗೆ ತಮ್ಮ ವಿಮಾನ ಚೆಂದ ಕಾಣಲಿ ಅನ್ನೋ ಆಸೆ ನ್ಯಾಯವಾದದ್ದೇ. ನನ್ನ ತಕರಾರು ಆ ಕೊನೇ ರಾತ್ರಿಯ ಬಗ್ಗೆ.

ಗ್ಯಾರೇಜಿನ ಬುದ್ಧಿವಂತರಲ್ಲಿ ಹಲವರು ವಿಮಾನವನ್ನು ಮೊದಲು ಬರಿಮೈಯಲ್ಲೇ ಹಾರಿಸುತ್ತಾರೆ. ಅಲ್ಲಿ ಮೊದಲು ಪರೀಕ್ಷಾ ಹಾರಾಟ ಕಡ್ಡಾಯ. ಅದರಲ್ಲಿ ಸಿಕ್ಕ ತಪ್ಪುಗಳನ್ನೆಲ್ಲ ಸರಿಮಾಡಿ, ಆಮೇಲೆ ಬಣ್ಣ, ಆಮೇಲೆ ಮತ್ತೆ ತೂಕ, ಮತ್ತೆ ಬ್ಯಾಲೆನ್ಸ್. ನಮ್ಮ ಟೀಮುಗಳಿಗೂ ಇದೇ ಕ್ರಮ ಸಾಕು. ವೆಯ್ಟ್ ಶೀಟಿನಲ್ಲಿ ಮೊದಲ ದಿನವೇ 'ಫಿನಿಶಿಂಗ್' ಅಂತ ಒಂದು ಸಾಲು ಇರಲಿ. ಬಣ್ಣ ಒಣಗಿದ ಮೇಲೆ ಸಿ.ಜಿ. ನೋಡದೆ ಯಾರೂ ಫೀಲ್ಡಿಗೆ ಹೋಗಬಾರದು. ಅದಕ್ಕೆಲ್ಲ ಸಮಯ ಇಲ್ಲದಿದ್ದರೆ ಬಣ್ಣವಿಲ್ಲದೆ ಹೋಗಿ, ಮರ್ಯಾದೆ ಹೋಗಲ್ಲ. ಹಾರದಿದ್ದರೆ ಹೋಗುತ್ತೆ.

ಆ ಇಬ್ಬರು ಜೂನಿಯರ್‌ಗಳು ಈಗ ಮೂರನೇ ವರ್ಷ. ಈ ಸಲದ ರೆಕ್ಕೆಯನ್ನೂ ಅವರೇ ಕಟ್ಟುತ್ತಿದ್ದಾರೆ. ಹೋದ ವಾರ ವರ್ಕ್‌ಶಾಪಿಗೆ ಹೋದಾಗ ಗೋಡೆಯ ಮೇಲೆ ಅಂಟಿಸಿದ್ದ ವೆಯ್ಟ್ ಶೀಟ್ ನೋಡಿದೆ. ಕೊನೆಯ ಸಾಲಿನಲ್ಲಿ 'ಬಣ್ಣ: 25 ಗ್ರಾಂ, ಬಾಲಕ್ಕೆ ಸೊನ್ನೆ' ಅಂತ ಬರೆದಿತ್ತು. ಸ್ಪ್ರೇ ಕ್ಯಾನ್ ಎಲ್ಲಿ ಅಂತ ಕೇಳಿದೆ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಕೀಲಿಕೈ ಯಾರ ಹತ್ತಿರ ಇದೆ ಅಂತ ಮಾತ್ರ ನನಗೆ ಹೇಳಲಿಲ್ಲ.